ಮಲಪ್ರಭೆಯ ಸೀಮೆಯ ಐತಿಹಾಸಿಕ ರೂಪಕಗಳಲ್ಲಿ ಪಾದರಕ್ಷೆಯ ಪ್ರಶ್ನೆ

ಪ್ರತಿವರ್ಷ ಅಕ್ಟೋಬರ್ ತಿಂಗಳಿನಲ್ಲಿ ಕಿತ್ತೂರಿನಲ್ಲಿ ನಡೆಯುವ ಉತ್ಸವ, ಸಂಗೊಳ್ಳಿಯಲ್ಲಿ ಜನವರಿಯಲ್ಲಿ ನಡೆಯುವ ಉತ್ಸವ, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಶಾಲಾ ಕಾಲೇಜುಗಳ ವಾರ್ಷಿಕ ಸಮಾರಂಭ ಇವುಗಳಲ್ಲೆಲ್ಲ ಇತಿಹಾಸದ ಘಟನೆಗಳನ್ನು ವೇಷಭೂಷಣಸಹಿತವಾಗಿ ಅಭಿನಯಿಸಿ ತೋರಿಸುವ ಪದ್ಧತಿ ಬಲವಾಗಿ ಬೇರೂರಿದೆ. ಇಂಥ ರೂಪಕಗಳಲ್ಲಿ ಮುಂಡಾಸು, ಖಡ್ಗ, ಗುರಾಣಿ, ಆಭರಣಗಳ ವಿಷಯದಲ್ಲಿ ಸಾಕಷ್ಟು ಶ್ರದ್ಧೆ ಕಂಡುಬರುವುದು. ಆದರೆ ದೃಷ್ಟಿಯು ಕೆಳಗಿಳಿದು ಪಾತ್ರಧಾರಿಯ ಕಾಲನ್ನು ತಲುಪಿದೊಡನೆ ಆ ಶ್ರದ್ಧೆ ಮಾಯವಾಗುತ್ತದೆ. ಹನ್ನೆರಡನೆಯ ಶತಮಾನದ ದಂಡನಾಯಕನು ರಬ್ಬರಿನ ಅಟ್ಟೆಯ ಚಪ್ಪಲಿಯಲ್ಲಿಯೂ, ೧೮೨೪ರ ಕಿತ್ತೂರಿನ ಯೋಧನು ಹೊಳೆಯುವ ಕೃತಕ ಜರಿಯ ಮೋಜಡಿಯಲ್ಲಿಯೂ ರಂಗಕ್ಕೆ ಬರುವುದುಂಟು. ಯಾವ ಕಾಲದ ಯಾವ ಪಾತ್ರಕ್ಕೆ ಎಂಥ ಪಾದರಕ್ಷೆ ಸಲ್ಲುವುದು, ಅದನ್ನು ಯಾವ ಆಧಾರದಿಂದ ನಿರ್ಣಯಿಸಬೇಕು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ಆಧಾರಗಳ ಸ್ವರೂಪ

ಈ ವಿಷಯದಲ್ಲಿ ನಮಗೆ ಮೂರು ಬಗೆಯ ಆಧಾರಗಳಿವೆ: ಶಿಲ್ಪ ಮತ್ತು ಚಿತ್ರ, ಭಾಷೆ ಮತ್ತು ಸಾಹಿತ್ಯ, ಇಂದಿಗೂ ಉಳಿದು ಬಂದಿರುವ ಕುಶಲಕರ್ಮ.

ಇವುಗಳಲ್ಲಿ ಶಿಲ್ಪವನ್ನು ಬಹಳ ಎಚ್ಚರಿಕೆಯಿಂದ ಬಳಸಬೇಕು. ನಮ್ಮ ನಾಡಿನ ವೀರಗಲ್ಲುಗಳಲ್ಲಿ ಕಾದುವ ವೀರರು ಸಾಮಾನ್ಯವಾಗಿ ಬರಿಗಾಲಿನವರು. ದೇವಾಲಯದ ಭಿತ್ತಿಗಳ ಮೇಲಿನ ಅರಸರೂ ಹಾಗೆಯೇ. ಇದನ್ನು ಕಂಡು ಮಧ್ಯಯುಗದ ಕನ್ನಡಿಗರು ಕಾಲಿಗೆ ಏನನ್ನೂ ಮೆಡುತ್ತಿರಲಿಲ್ಲವೆಂದು ನಿರ್ಣಯಿಸುವುದು ಸರಿಯಲ್ಲ. ಶಿಲ್ಪಿಯು ಕಂಡುದನ್ನೆಲ್ಲ ಕಡೆಯುವವನಲ್ಲ, ಶಾಸ್ತ್ರಸಂಪ್ರದಾಯವನ್ನು ಅನುಸರಿಸುವವನು. ಉತ್ತರ ಭಾರತದ ಸೂರ್ಯಮೂರ್ತಿಗಳು ಮೊಣಕಾಲಿನತ್ತ ಏರುವ ಪಾದರಕ್ಷೆ ಧರಿಸಿದ್ದರೆ ದಕ್ಷಿಣದ ಸೂರ್ಯನು ಬರಿಗಾಲಿನಲ್ಲಿ ನಿಲ್ಲುತ್ತಾನೆ. ಅದೇ ದಕ್ಷಿಣದಲ್ಲಿ ಭಿಕ್ಷಾಟನಮೂರ್ತಿಯಾದ ಶಿವನ ಕಾಲಲ್ಲಿ ಪಾದುಕೆಗಳು ಕಾಣುತ್ತವೆ. ಅಲೆಯುವ ಭಿಕ್ಷುವಿಗೆ ಪಾದುಕೆ ಲಕ್ಷಣ. ಪವಿತ್ರಸ್ಥಾನದಲ್ಲಿ ನಿಂತವರಿಗೆ ಅದು ನಿಷಿದ್ಧ. ಆದಕಾರಣ ಶಿಲ್ಪದ ಮೌನವು ಲೋಕವ್ಯವಹಾರದ ಮೌನವಲ್ಲ.

ಈ ಮೌನವನ್ನು ಭಾಷೆಯು ಮುರಿಯುತ್ತದೆ. ಹಳಗನ್ನಡದ ‘ಕೆರ್ಪು’ ಎಂಬ ಶಬ್ದವೇ ‘ಕೆರಹು’, ‘ಕೆರವು’ ಎಂಬ ರೂಪಗಳನ್ನು ತಾಳಿ ಇಂದಿನ ‘ಕೆರ’ವಾಗಿದೆ. ತಮಿಳಿನ ‘ಚೆರುಪ್ಪು’, ತೆಲುಗಿನ ‘ಚೆಪ್ಪು’ ಇದರ ಸೋದರಶಬ್ದಗಳು. ಆ ಭಾಷೆಗಳಲ್ಲಿ ಮೊದಲಿನ ಕಕಾರವು ಚಕಾರವಾಗಿದ್ದರೆ ಕನ್ನಡವು ಅದನ್ನು ಉಳಿಸಿಕೊಂಡಿದೆ. ಈ ಭಾಷೆಗಳು ಬೇರ್ಪಡುವುದಕ್ಕೆ ಮೊದಲೇ ಈ ವಸ್ತುವೂ ಅದರ ಹೆಸರೂ ಇದ್ದುವೆಂಬುದು ಇದರಿಂದ ಸ್ಪಷ್ಟ. ಸಂಸ್ಕೃತದ ‘ಪಾದುಕಾ’ ಶಬ್ದವು ‘ಪಾವುಗೆ’ಯಾಗಿ, ಪಕಾರವು ಹಕಾರವಾದ ಮೇಲೆ ‘ಹಾವುಗೆ’ಯಾಯಿತು. ತೊಗಲಿನಿಂದ ಮಾಡಿದುದು ‘ಚಮ್ಮಾವುಗೆ’. ಹೀಗೆ ಕಟ್ಟಿಗೆಯ ಹಾವುಗೆ ಬೇರೆ, ತೊಗಲಿನ ಚಮ್ಮಾವುಗೆ ಬೇರೆ ಎಂಬ ವಿವೇಕವು ಭಾಷೆಯಲ್ಲಿಯೇ ಅಡಕವಾಗಿದೆ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಉಪಭೋಗಗಳನ್ನು ವಿವರಿಸುವಾಗ ಪಾದುಕೆಗೆ ಪ್ರತ್ಯೇಕ ಪ್ರಕರಣವೇ ಇರುವುದು. ಸವದತ್ತಿಯ ರಟ್ಟರು ಇದೇ ಚಾಲುಕ್ಯರ ಮಾಂಡಲಿಕರಾಗಿದ್ದುದರಿಂದ ಈ ಸಾಕ್ಷ್ಯವು ನಮ್ಮ ಸೀಮೆಗೆ ನೇರವಾಗಿ ಸಂಬಂಧಿಸಿದುದು.

೨. ರಟ್ಟರ ಕಾಲ ಮತ್ತು ಶರಣರ ಕಾಲ

ಸುಗಂಧವರ್ತಿಯೆಂದು ಶಾಸನಗಳಲ್ಲಿ ಕರೆಯಿಸಿಕೊಂಡ ಸವದತ್ತಿಯನ್ನು, ಮುಂದೆ ವೇಣುಗ್ರಾಮವೆನಿಸಿದ ಬೆಳಗಾವಿಯನ್ನು ರಾಜಧಾನಿಯಾಗಿ ಮಾಡಿಕೊಂಡು ಆಳಿದ ರಟ್ಟರ ಆಸ್ಥಾನವನ್ನು ರೂಪಿಸುವವರು ಒಂದು ನಿಯಮವನ್ನು ನೆನಪಿಡಬೇಕು. ಆಸ್ಥಾನ, ದೇವಾಲಯ, ಅಡಿಗೆಯ ಮನೆ ಇವುಗಳಲ್ಲಿ ಪಾದರಕ್ಷೆಗೆ ಪ್ರವೇಶವಿಲ್ಲ. ಆದುದರಿಂದ ಒಡ್ಡೋಲಗದ ದೃಶ್ಯದಲ್ಲಿ ಬರಿಗಾಲೇ ಇತಿಹಾಸಸಮ್ಮತ. ಹೊರಗಿನ ದೃಶ್ಯಗಳಲ್ಲಿ ಅರಸನಿಗೆ ತೊಗಲಿನ ಪಾದುಕೆ, ತಪಸ್ವಿಗಳಿಗೆ ಹೆಬ್ಬೆರಳಿನ ಸಂದಿಯಲ್ಲಿ ಗೂಟವುಳ್ಳ ಕಟ್ಟಿಗೆಯ ಹಾವುಗೆ, ಕಾಲಾಳಿಗೆ ಬರಿಗಾಲು ಇಲ್ಲವೆ ಸರಳವಾದ ಕೆರ ಒಪ್ಪುವುದು. ಚೂಪುತುದಿಯ, ಮೇಲ್ಭಾಗ ಮುಚ್ಚಿದ ಮೋಜಡಿಯನ್ನು ಈ ಕಾಲಕ್ಕೆ ಬಳಸದಿರುವುದೇ ಲೇಸು.

ಶರಣರ ಕಥೆಯನ್ನು ಅಭಿನಯಿಸುವಲ್ಲಿ ಪಾದರಕ್ಷೆಯು ವೇಷದ ಅಂಗವಾಗಿ ಉಳಿಯದೆ ಕಥೆಯ ಕೇಂದ್ರವೇ ಆಗುತ್ತದೆ. ಸವದತ್ತಿ ತಾಲೂಕಿನ ಏಣಗಿಯವರಾದ ಏಣಗಿ ಬಾಳಪ್ಪನವರು ಬಸವಣ್ಣನ ಪಾತ್ರ ವಹಿಸಿದ ‘ಜಗಜ್ಯೋತಿ ಬಸವೇಶ್ವರ’ ನಾಟಕದ ತರುವಾಯ ಈ ಸೀಮೆಯಲ್ಲಿ ಶರಣಚರಿತ್ರೆಯ ರೂಪಕಗಳಿಗೆ ವಿಶೇಷ ಮನ್ನಣೆಯುಂಟು. ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ತೊಗಲಿನಿಂದ ಚಮ್ಮಾವುಗೆ ಮಾಡಿ ಬಸವಣ್ಣನಿಗೆ ಅರ್ಪಿಸಿದರೆಂಬುದೂ, ಬಸವಣ್ಣನು ಅವನ್ನು ಮೆಡದೆ ತಲೆಯ ಮೇಲೆ ಹೊತ್ತನೆಂಬುದೂ ಸಂಪ್ರದಾಯ. ಈ ದೃಶ್ಯಕ್ಕೆ ಅಂಗಡಿಯಿಂದ ತಂದ ಯಾವುದೋ ಜೋಡು ಸಲ್ಲದು. ಕಸೂತಿ, ಗೊಂಡೆ, ಬಣ್ಣಗಳಿಲ್ಲದ, ಒಂದು ಅಟ್ಟೆ ಒಂದೆರಡು ಪಟ್ಟಿಗಳಷ್ಟೇ ಇರುವ ಚಮ್ಮಾವುಗೆಯೇ ಅಲ್ಲಿ ತಕ್ಕುದು. ಕಲ್ಯಾಣದ ಕ್ಷೋಭೆಯ ನಂತರ ಶರಣರು ಉಳವಿಯತ್ತ ನಡೆದ ದಾರಿಯು ನಮ್ಮ ಸೀಮೆಯನ್ನೇ ಹಾದುಹೋಯಿತೆಂದು ಪರಂಪರೆ ಹೇಳುತ್ತದೆ. ತೊಗಲು ಹದಮಾಡುವ ಕಾಯಕದ ಡೋಹರ ಕಕ್ಕಯ್ಯನ ಸಮಾಧಿಯು ಕಿತ್ತೂರಿಗೆ ಸಮೀಪದ ಕಕ್ಕೇರಿಯಲ್ಲಿ ಪೂಜೆಗೊಳ್ಳುತ್ತಿರುವುದನ್ನು ಇಲ್ಲಿ ಸ್ಮರಿಸಬಹುದು.

೩. ವಿಜಯನಗರ ಮತ್ತು ಆದಿಲಶಾಹಿ ಕಾಲ

ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ಬಹುಪಾಲು ಜನರು ಬರಿಗಾಲಿನಲ್ಲಿ ನಡೆಯುವರೆಂದು ಹೇಳಿ, ಎರಡು ಬಗೆಯ ಪಾದರಕ್ಷೆಗಳನ್ನು ವರ್ಣಿಸಿದ್ದಾನೆ: ತುದಿ ಚೂಪಾದ ಜೋಡು ಒಂದು, ಬರಿಯ ಅಟ್ಟೆಗೆ ಮೇಲೆ ಪಟ್ಟಿಗಳನ್ನು ಕೂಡಿಸಿದುದು ಇನ್ನೊಂದು. ಎರಡನೆಯದು ನಮ್ಮ ಚಪ್ಪಲಿಯ ರೂಪವೇ ಎಂಬುದರಲ್ಲಿ ಸಂದೇಹವಿಲ್ಲ. ವಿಜಾಪುರದ ಚಿತ್ರಗಳಲ್ಲಿ ಹಿಮ್ಮಡಿ ತೆರೆದ, ಮುಂದೆ ಚೂಪಾದ ಜೋಡುಗಳು ಸರದಾರರ ಕಾಲಲ್ಲಿ ಕಾಣುತ್ತವೆ. ೧೫೮೫ರಲ್ಲಿ ಮೊದಲಾಯಿತೆನ್ನಲಾದ ಕಿತ್ತೂರ ದೇಸಗತಿಯ ಮೂಲಪುರುಷರು ಆದಿಲಶಾಹಿಯ ಸೇವೆಯಲ್ಲಿದ್ದವರು. ಆದುದರಿಂದ ಕಿತ್ತೂರಿನ ಆರಂಭಕಾಲದ ದೇಸಾಯರಿಗೆ ಈ ಬಗೆಯ ಜೋಡನ್ನು ತೊಡಿಸುವುದು ಯುಕ್ತವೆಂದು ತೋರುತ್ತದೆ.

೪. ಕಿತ್ತೂರು ೧೮೨೪, ಸುರೇಬಾನ ೧೮೫೮

ಕಿತ್ತೂರಿನ ಯುದ್ಧವು ಮಧ್ಯಯುಗಕ್ಕೆ ಸೇರಿದುದಲ್ಲವಾದರೂ ಇಲ್ಲಿಯ ರೂಪಕಗಳಲ್ಲಿ ಅತ್ಯಧಿಕವಾಗಿ ಅಭಿನಯಗೊಳ್ಳುವುದು ಅದೇ. ೧೮೨೪ರ ಅಕ್ಟೋಬರ್ ೨೩ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಕಿತ್ತೂರಿನ ಕೋಟೆಯ ಮುಂದೆ ಹತನಾದನು. ಅಂದು ಸೆರೆಸಿಕ್ಕ ವಾಲ್ಟರ್ ಎಲಿಯಟನು ಮುಂದೆ ಕನ್ನಡ ನಾಡಿನ ಶಾಸನಗಳ ಮಹತ್ತರ ಸಂಗ್ರಾಹಕನಾದನು. ಈ ದೃಶ್ಯದಲ್ಲಿ ಮೂರು ವರ್ಗದ ಕಾಲುಗಳನ್ನು ಬೇರ್ಪಡಿಸಬೇಕು.

ಮೊದಲನೆಯದು ಕಂಪನಿಯ ವರ್ಗ. ಕುದುರೆಯ ಮೇಲಿನ ಇಂಗ್ಲಿಷ್ ಅಧಿಕಾರಿಗಳಿಗೆ ಉದ್ದನೆಯ ಬೂಟು ಸಲ್ಲುವುದು. ಆದರೆ ಮದ್ರಾಸ್ ಸೈನ್ಯದ ದೇಶೀಯ ಸಿಪಾಯಿಗಳು ಅಂದು ಬಹುಮಟ್ಟಿಗೆ ಪಟ್ಟಿಯ ಚಪ್ಪಲಿಗಳಲ್ಲಿ ನಡೆಯುತ್ತಿದ್ದರು. ಅವರೆಲ್ಲರಿಗೂ ಇಂದಿನ ಕವಾಯತಿನ ಕಪ್ಪು ಬೂಟನ್ನು ತೊಡಿಸುವುದು ತಪ್ಪು.

ಎರಡನೆಯದು ವಾಡೆಯ ವರ್ಗ. ಚೆನ್ನಮ್ಮ ರಾಣಿಯು ದರಬಾರಿನಲ್ಲಿ ಬರಿಗಾಲಿನಲ್ಲಿಯೇ ಕುಳಿತಿರಬೇಕು. ಇಂಗ್ಲಿಷ್ ಅಧಿಕಾರಿಯು ವಾಡೆಯೊಳಗೆ ಬರುವ ದೃಶ್ಯವನ್ನು ಕಲ್ಪಿಸುವವರಿಗೆ ಇಲ್ಲೊಂದು ಅರ್ಥಪೂರ್ಣ ಸಂದರ್ಭ ಒದಗುವುದು. ದೇಶೀಯ ಆಸ್ಥಾನಗಳಲ್ಲಿ ಯುರೋಪಿಯನ್ನರು ಪಾದರಕ್ಷೆ ಕಳಚದೆ ಇರುವುದು ಆ ಶತಮಾನದುದ್ದಕ್ಕೂ ವಿವಾದದ ವಿಷಯವಾಗಿದ್ದಿತು. ತಮ್ಮ ದರಬಾರುಗಳಲ್ಲಿ ಮಾತ್ರ ಭಾರತೀಯರು ಜೋಡು ಕಳಚಬೇಕೆಂಬುದು ಅವರ ನಿಯಮ. ೧೮೫೪ರಲ್ಲಿ ಯುರೋಪಿಯನ್ ಬೂಟು ಧರಿಸಿದವರಿಗಷ್ಟೇ ಆ ನಿಯಮವನ್ನು ಸಡಿಲಿಸಲಾಯಿತು. ಹಾಸುಗಂಬಳಿಯ ಮೇಲೆ ನಿಂತ ಒಂದು ಜೊತೆ ಬೂಟು, ಸುತ್ತಲೂ ಬರಿಗಾಲುಗಳು: ಅಧಿಕಾರದ ಸಂಘರ್ಷವನ್ನು ದೀರ್ಘ ಸಂಭಾಷಣೆಗಿಂತ ಇದು ಚೆನ್ನಾಗಿ ತಿಳಿಸಬಲ್ಲುದು.

ಮೂರನೆಯದು ಊರಿನ ವರ್ಗ. ಸಂಗೊಳ್ಳಿ ರಾಯಣ್ಣನು ಶೇತಸನದಿ, ಎಂದರೆ ಭೂಮಿಯನ್ನು ಪಡೆದು ಊರ ಕಾವಲಿನ ಸೇವೆ ಸಲ್ಲಿಸುವವನು. ೧೮೩೧ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರುವುದಕ್ಕೆ ಮೊದಲು ಆತನು ಸಹ್ಯಾದ್ರಿಯ ಕಾಡುಗಳಲ್ಲಿ ಸಂಚರಿಸಿ ಹೋರಾಡಿದವನು. ಇಂಥ ಪಾತ್ರಕ್ಕೆ ದಪ್ಪ ಅಟ್ಟೆಯ, ಹೆಬ್ಬೆರಳಿಗೆ ಉಂಗುಟ, ಎರಡು ಪಕ್ಕಗಳಲ್ಲಿ ಕಿವಿ, ಮೇಲೆ ಅಗಲ ಪಟ್ಟಿಯುಳ್ಳ ಒಕ್ಕಲಿಗರ ಮೆಟ್ಟು ಉಚಿತ. ಅದು ಈ ಸೀಮೆಯ ಹೊಲ, ಅಡವಿಗಳ ಮುಳ್ಳಿಗೆ ತಕ್ಕಂತೆ ರೂಪುಗೊಂಡ ವಸ್ತು. ರಾಜಪುತ್ರರ ಮೋಜಡಿಯು ಚಲಚ್ಚಿತ್ರಗಳಿಂದ ಬಂದುದೇ ಹೊರತು ಸಂಗೊಳ್ಳಿಯಿಂದ ಬಂದುದಲ್ಲ.

೧೮೫೮ರ ಮೇ ತಿಂಗಳಲ್ಲಿ ಈಗಿನ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ಕಂಪನಿಯ ಅಧಿಕಾರಿ ಮ್ಯಾನ್ಸನ್ ಹತನಾದ ಪ್ರಸಂಗದಲ್ಲಿ ಸನ್ನಿವೇಶ ಬೇರೆ. ನರಗುಂದದ ಬಾಬಾಸಾಹೇಬ ಭಾವೆಯೂ ರಾಮದುರ್ಗದ ಅರಸುಮನೆತನವೂ ಕೊಂಕಣಸ್ಥ ಭಾವೆ ವಂಶದವರು. ಪುಣೆಯ ದರಬಾರಿನ ಶಿಷ್ಟಾಚಾರವನ್ನು ಬಲ್ಲವರು. ಅವರಿಗೆ ಕೆಂಪು ತೊಗಲಿನ ಪುಣೇರಿ ಜೋಡು ಸಲ್ಲುತ್ತದೆ. ಅವರ ಕಾಲಾಳುಗಳಿಗೆ ಹಿಂದೆ ಹೇಳಿದ ಮೆಟ್ಟೇ ಸರಿ.

೫. ವಸ್ತುಪರೀಕ್ಷೆ

ರೂಪವು ಸರಿಯಾಗಿದ್ದರೂ ವಸ್ತು ತಪ್ಪಾಗಿರಬಹುದು. ರಬ್ಬರನ್ನು ಗಂಧಕದಿಂದ ಗಟ್ಟಿಗೊಳಿಸುವ ವಿಧಾನವನ್ನು ಗುಡ್‌ಇಯರನು ಕಂಡುಹಿಡಿದುದು ೧೮೩೯ರಲ್ಲಿ. ಕ್ರೋಮ್ ಲವಣದಿಂದ ತೊಗಲನ್ನು ಹದಮಾಡುವ ವಿಧಾನ ಕೈಗಾರಿಕೆಯಲ್ಲಿ ನೆಲೆಗೊಂಡುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಆದುದರಿಂದ ಕಿತ್ತೂರಿನ ಕಾಲದವರೆಗಿನ ಯಾವ ಪಾತ್ರಕ್ಕೂ ಇವೆರಡೂ ಸಲ್ಲವು. ಈ ಸೀಮೆಯ ಪರಂಪರಾಗತ ವಿಧಾನದಲ್ಲಿ ಹಸಿದೊಗಲನ್ನು ಸುಣ್ಣದ ನೀರಿನಲ್ಲಿ ನೆನೆಯಿಟ್ಟು, ಕೂದಲು ಹೆರೆದು, ಚೀಲದಂತೆ ಹೊಲಿದು, ಅದರೊಳಗೆ ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ರಸವನ್ನು ತುಂಬಿ ತೂಗಹಾಕುತ್ತಾರೆ. ಅಟ್ಟೆಗೆ ಎಮ್ಮೆಯ ತೊಗಲು, ನವುರಾದ ಹೆಣಿಗೆಗೆ ಆಡಿನ ತೊಗಲು. ಮೊಳೆಯಿಲ್ಲ, ತೊಗಲಿನ ದಾರದಿಂದಲೇ ಹೊಲಿಗೆ.

ಕೊಳ್ಳುವವರು ಮೂರು ಪರೀಕ್ಷೆಗಳನ್ನು ಮಾಡಬಹುದು. ಕತ್ತರಿಸಿದ ಅಂಚು ಒಳಗೆ ಕಂದು ಬಣ್ಣದ್ದಾಗಿದ್ದರೆ ತೊಗಟೆಯ ಹದವೆಂದೂ, ನೀಲಿ ಬೂದು ಛಾಯೆಯಿದ್ದರೆ ಕ್ರೋಮ್ ಹದವೆಂದೂ ತಿಳಿಯಬೇಕು. ಒಂದು ಹನಿ ನೀರನ್ನು ಬಿಟ್ಟರೆ ತೊಗಟೆಯ ಹದದ ತೊಗಲು ಅದನ್ನು ಹೀರಿಕೊಂಡು ಕಪ್ಪಾಗುವುದು. ಅಟ್ಟೆಯನ್ನು ತಿರುವಿ ನೋಡಿದರೆ ಮೊಳೆ, ಅಂಟು, ಯಂತ್ರದ ಹೊಲಿಗೆ ಇವು ತಾವಾಗಿಯೇ ಗೋಚರಿಸುತ್ತವೆ. ಎತ್ತರದ ಹಿಮ್ಮಡಿಯುಳ್ಳುದನ್ನು ಮೊದಲೇ ತಳ್ಳಿಹಾಕಬೇಕು. ಸರಿಯಾದುದು ದೊರೆಯದಿದ್ದಲ್ಲಿ ತಪ್ಪಾದುದಕ್ಕಿಂತ ಬರಿಗಾಲೇ ಮೇಲು. ಆದರೆ ಬಿಸಿಲಿಗೆ ಕಾದ ಡಾಂಬರು ರಸ್ತೆಯ ಮೇಲೆ ಮಕ್ಕಳನ್ನು ಬರಿಗಾಲಿನಲ್ಲಿ ಮೆರವಣಿಗೆಯಾಗಿ ನಡೆಸುವುದು ಕ್ರೌರ್ಯ. ಇತಿಹಾಸಕ್ಕೆ ಅದರಿಂದ ಯಾವ ಸೇವೆಯೂ ಸಲ್ಲದು.

೬. ಬರಿಗಾಲಿನ ಇನ್ನೊಂದು ಅರ್ಥ

ಈ ವಿವೇಚನೆಯಲ್ಲಿ ಮರೆಯಬಾರದ ಸಂಗತಿ ಒಂದಿದೆ. ಎಲ್ಲ ಬರಿಗಾಲುಗಳೂ ಒಂದೇ ಕಾರಣದಿಂದ ಬರಿಗಾಲುಗಳಾಗಿರಲಿಲ್ಲ. ರಾಣಿಯ ಬರಿಗಾಲು ಮರ್ಯಾದೆಯದು; ಯಾತ್ರಿಕನದು ಭಕ್ತಿಯದು; ಬಡ ಒಕ್ಕಲಿಗನದು ದಾರಿದ್ರ್ಯದ್ದು. ಆದರೆ ಊರಿನ ಹೊರಗೆ ವಾಸಿಸುತ್ತಿದ್ದವರ ಬರಿಗಾಲು ಹೇರಲ್ಪಟ್ಟುದು. ಮೇಲುಜಾತಿಯವರ ಬೀದಿಯಲ್ಲಿ ಕೆರವನ್ನು ಮೆಡದೆ ಕೈಯಲ್ಲಿ ಹಿಡಿದು ನಡೆಯಬೇಕೆಂಬ ಕಟ್ಟಳೆಯು ಅನೇಕ ಹಳ್ಳಿಗಳಲ್ಲಿ ಇಪ್ಪತ್ತನೆಯ ಶತಮಾನದವರೆಗೂ ನಡೆದು ಬಂದಿತು. ಊರಿಗೆಲ್ಲ ಪಾದರಕ್ಷೆ ಮಾಡಿಕೊಟ್ಟವರೇ ಅದನ್ನು ತೊಡಲು ಅಧಿಕಾರವಿಲ್ಲದವರಾಗಿದ್ದರು. ಹರಳಯ್ಯನ ಕಥೆಯ ಶಕ್ತಿಯು ಈ ಹಿನ್ನೆಲೆಯಿಂದಲೇ ಬಂದುದು. ಹಾಗಿರುವಾಗ ರೂಪಕದ ಜನಸಮೂಹದಲ್ಲಿ ಎಲ್ಲರಿಗೂ ಒಂದೇ ಬಗೆಯ ಚಪ್ಪಲಿ ತೊಡಿಸಿದರೆ ಈ ಭೇದವು ಅಳಿಸಿಹೋಗುವುದು. ನೋಡುವವರು ಇಲ್ಲದಿದ್ದ ಸಮಾನತೆಯನ್ನು ಇದ್ದಿತೆಂದು ನಂಬುವರು.

ಇಂದು ಕೊಲ್ಹಾಪುರಿ ಎಂಬ ಹೆಸರಿನಿಂದ ಮಾರಾಟವಾಗುವ ಚಪ್ಪಲಿಗಳಲ್ಲಿ ಒಂದು ಪಾಲು ಅಥಣಿ, ನಿಪ್ಪಾಣಿಗಳ ಕಡೆಯ ಸಮಗಾರ ಕುಟುಂಬಗಳ ಕೈಕೆಲಸ. ೨೦೧೯ರಲ್ಲಿ ಈ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕವು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳನ್ನೂ ಒಳಗೊಂಡಿದೆ. ೨೦೨೫ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಇದೇ ರೂಪದ ಪಾದರಕ್ಷೆಯನ್ನು ಮೂಲದ ಹೆಸರೆತ್ತದೆ ಮಿಲಾನಿನಲ್ಲಿ ಪ್ರದರ್ಶಿಸಿದಾಗ ಆಕ್ಷೇಪವೆದ್ದಿತು. ಆದರೆ ಹೆಸರೆತ್ತದಿರುವ ದೋಷವು ನಮ್ಮ ಉತ್ಸವಗಳಲ್ಲಿಯೂ ಇಲ್ಲದಿಲ್ಲ.

ಆದುದರಿಂದ ರೂಪಕಗಳನ್ನು ಏರ್ಪಡಿಸುವ ಶಾಲೆ, ಕಾಲೇಜು, ಸಮಿತಿಗಳಿಗೆ ನಮ್ಮ ಸೂಚನೆ ಇಷ್ಟು. ದೃಶ್ಯದ ಕಾಲವನ್ನೂ ಸ್ಥಳವನ್ನೂ ಮೊದಲು ನಿರ್ಧರಿಸಿ, ಪ್ರತಿಯೊಂದು ಪಾತ್ರಕ್ಕೂ ಪಾದರಕ್ಷೆ ಇರಬೇಕೆ ಬೇಡವೆ ಎಂಬುದನ್ನು ಕಾರಣಸಹಿತವಾಗಿ ಬರೆದಿಡಬೇಕು. ಬಾಡಿಗೆಯ ಅಂಗಡಿಗೆ ಹೋಗುವುದಕ್ಕೆ ಬದಲಾಗಿ ಎರಡು ತಿಂಗಳು ಮುಂಚಿತವಾಗಿ ಜಿಲ್ಲೆಯ ಕುಶಲಕರ್ಮಿಗಳಿಗೆ ಕಾಲಿನ ಅಳತೆ ಕೊಟ್ಟು ಮಾಡಿಸಬೇಕು. ಒಮ್ಮೆ ಮಾಡಿಸಿದ ಮೆಟ್ಟು ಎಣ್ಣೆ ಹಚ್ಚಿ ಕಾಪಾಡಿದರೆ ಹಲವು ವರ್ಷದ ಪ್ರಯೋಗಗಳಿಗೆ ಬಾಳುವುದು. ಕಾರ್ಯಕ್ರಮದ ಪತ್ರಿಕೆಯಲ್ಲಿ ನಾಟಕಕಾರ, ನಿರ್ದೇಶಕ, ಬೆಳಕಿನ ವ್ಯವಸ್ಥಾಪಕ ಇವರ ಹೆಸರುಗಳ ಸಾಲಿನಲ್ಲಿ, ಅವರ ಒಪ್ಪಿಗೆ ಪಡೆದು, ಪಾದರಕ್ಷೆ ಮಾಡಿಕೊಟ್ಟವರ ಹೆಸರನ್ನೂ ಊರನ್ನೂ ಅಚ್ಚು ಹಾಕಿಸಬೇಕು.