ಪರೀಕ್ಷೆಗೆ ಮುಂಚೆ ಕೈ ನಡುಗಿದರೆ: ‘ಟ್ಯಾಪಿಂಗ್’ ಅಂದ್ರೇನು, ಅದು ಕೆಲಸ ಮಾಡುತ್ತಾ?

ಇವತ್ತಿನ ಸಂಚಿಕೆ ಸಿಎ ಪರೀಕ್ಷೆಗೆ ಕೂರುವವರಿಗೆ. ಬೇರೆ ವೃತ್ತಿಪರ ಪರೀಕ್ಷೆ ಬರೆಯುವವರೂ ಕೇಳಬಹುದು, ಕೈ ತಣ್ಣಗಾಗೋದು ಎಲ್ಲರಿಗೂ ಒಂದೇ ಥರ.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ. ಸಿಎ ಫೈನಲ್ ಮೊದಲ ಸಲ ಬರೆದಾಗ ಆಡಿಟ್ ಪೇಪರ್‌ನಲ್ಲಿ ನನಗೆ ಬಂದದ್ದು 38. ಪ್ರತಿ ಪೇಪರ್‌ನಲ್ಲೂ ಕನಿಷ್ಠ 40 ಬೇಕು, ಒಟ್ಟು ಸೇರಿ 50 ಪರ್ಸೆಂಟ್ ಬೇಕು. ಆ ಎರಡು ಅಂಕಕ್ಕೆ ಇಡೀ ಗ್ರೂಪ್ ಹೋಯ್ತು. ಓದಿರಲಿಲ್ವಾ ಅಂದ್ರೆ, ಓದಿದ್ದೆ. ಪರೀಕ್ಷೆ ಮಧ್ಯಾಹ್ನ 2 ಗಂಟೆಗೆ. ಬೆಳಗ್ಗೆ ಇದ್ದಿದ್ರೆ ಎದ್ದು ಓಡ್ತಿದ್ವಿ, ಯೋಚನೆಗೆ ಪುರುಸೊತ್ತೇ ಇರ್ತಿರಲಿಲ್ಲ. ಮಧ್ಯಾಹ್ನದ ಪರೀಕ್ಷೆ ಅಂದ್ರೆ ಬೆಳಗ್ಗೆಯಿಂದ ಹೊಟ್ಟೆಯೊಳಗೆ ಕಡಗೋಲು ಆಡ್ತಾನೇ ಇರುತ್ತೆ. ಗೇಟಿನ ಹತ್ತಿರ ಯಾರೋ ‘ಎಸ್‌ಎ 701 ಮಾಡ್ಕೊಂಡ್ಯಾ?’ ಅಂತ ಕೇಳಿದ್ರು. ಅಲ್ಲಿಗೆ ಮುಗೀತು. 1:45ಕ್ಕೆ ಪ್ರಶ್ನೆಪತ್ರಿಕೆ ಕೊಡ್ತಾರೆ, 15 ನಿಮಿಷ ಓದೋದಕ್ಕೆ ಅಂತ. ನಾನು ಮೊದಲ ಪುಟವನ್ನೇ ನಾಲ್ಕು ಸಲ ಓದಿದೆ. ಅಕ್ಷರ ಕಾಣ್ತಿತ್ತು, ಅರ್ಥ ಆಗ್ತಿರಲಿಲ್ಲ.

ಇದಕ್ಕೆ ಕಾರಣ ಸರಳ. ಮೆದುಳು ಅಪಾಯ ಬಂತು ಅಂದ್ಕೊಂಡಾಗ ಅಡ್ರಿನಲಿನ್ ಸುರಿಯುತ್ತೆ, ಎದೆ ಬಡಿತ ಏರುತ್ತೆ, ಕೈಯ ರಕ್ತನಾಳಗಳು ಕಿರಿದಾಗಿ ಬೆರಳು ತಣ್ಣಗಾಗುತ್ತೆ. ಲೆಕ್ಕ ಹಾಕೋದಕ್ಕೆ, ಓದಿದ್ದನ್ನು ಒಂದು ಕ್ಷಣ ಹಿಡಿದಿಟ್ಟುಕೊಳ್ಳೋದಕ್ಕೆ ಮನಸ್ಸಿನಲ್ಲಿರೋ ಜಾಗವೇ ಚಿಕ್ಕದು. ಅದನ್ನು ‘ಫೇಲ್ ಆದ್ರೆ ಮನೇಲಿ ಏನು ಹೇಳಲಿ’ ಅನ್ನೋ ಯೋಚನೆ ಬಂದು ತುಂಬಿಕೊಂಡುಬಿಡುತ್ತೆ.

ಎರಡನೇ ಸಲಕ್ಕೆ ತಯಾರಾಗ್ತಿದ್ದಾಗ ಪಿಜಿಯ ರೂಮ್‌ಮೇಟ್ ಒಂದು ದಿನ ಕನ್ನಡಿ ಮುಂದೆ ನಿಂತು ಹುಬ್ಬು, ಗಲ್ಲ ಎಲ್ಲಾ ತಟ್ಟಿಕೊಳ್ತಿದ್ದಳು. ‘ಏನೇ ಇದು, ಹೊಸ ಫೇಶಿಯಲ್ಲಾ?’ ಅಂದೆ. ‘ಟ್ಯಾಪಿಂಗ್ ಕಣೇ, ಸುಮ್ನೆ ನೀನೂ ಮಾಡು’ ಅಂದಳು.

ಇದರ ಪೂರ್ತಿ ಹೆಸರು ಎಮೋಷನಲ್ ಫ್ರೀಡಂ ಟೆಕ್ನಿಕ್ಸ್, ಇಎಫ್‌ಟಿ. ಅಮೆರಿಕದ ರೋಜರ್ ಕ್ಯಾಲಹನ್ ಅನ್ನೋ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲಿ ಶುರುಮಾಡಿದ ವಿಧಾನವನ್ನು ಗ್ಯಾರಿ ಕ್ರೇಗ್ 1990ರ ದಶಕದಲ್ಲಿ ಸರಳ ಮಾಡಿದರು. ಕ್ರೇಗ್ ಓದಿದ್ದು ಎಂಜಿನಿಯರಿಂಗ್, ವೈದ್ಯರೂ ಅಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಇದು ನೆನಪಿರಲಿ.

ಮಾಡೋದು ಹೀಗೆ. ಭಯಕ್ಕೆ 0ಯಿಂದ 10ರವರೆಗೆ ಒಂದು ನಂಬರ್ ಕೊಡಿ. ಒಂದು ಕೈಯ ಬೆರಳುಗಳಿಂದ ಇನ್ನೊಂದು ಅಂಗೈಯ ಅಂಚನ್ನು, ಕಿರುಬೆರಳಿನ ಕೆಳಗಿನ ಮೆತ್ತನೆ ಭಾಗವನ್ನು, ತಟ್ಟುತ್ತಾ ಭಯವನ್ನು ಬಾಯಿಬಿಟ್ಟು ಹೇಳಬೇಕು. ಇಂಗ್ಲಿಷ್‌ನಲ್ಲಿ ಅದಕ್ಕೊಂದು ಸಿದ್ಧ ವಾಕ್ಯ ಇದೆ, ಕನ್ನಡಕ್ಕೆ ತಂದ್ರೆ ಕಂಪನಿ ನಾಟಕದ ಡೈಲಾಗ್ ಆಗುತ್ತೆ. ನಾನು ಹೇಳ್ತಿದ್ದದ್ದು ಇಷ್ಟೇ: ‘ಭಯ ಆಗ್ತಿದೆ, ಎದೆ ಹೊಡ್ಕೊಳ್ತಿದೆ, ಆದ್ರೂ ಪರವಾಗಿಲ್ಲ.’ ಮೂರು ಸಲ. ಆಮೇಲೆ ಎರಡು ಬೆರಳ ತುದಿಯಿಂದ ಒಂದೊಂದು ಜಾಗದಲ್ಲಿ ಐದಾರು ಸಲ ಮೆಲ್ಲಗೆ ತಟ್ಟೋದು: ಹುಬ್ಬಿನ ಒಳತುದಿ, ಕಣ್ಣಿನ ಹೊರಗಿನ ಎಲುಬು, ಕಣ್ಣ ಕೆಳಗೆ, ಮೂಗಿನ ಕೆಳಗೆ, ಕೆಳತುಟಿ-ಗದ್ದದ ನಡುವಿನ ತಗ್ಗು, ಕಾಲರ್ ಬೋನ್ ಕೆಳಗೆ, ಕಂಕುಳಿಂದ ನಾಲ್ಕು ಬೆರಳು ಕೆಳಗೆ, ಕೊನೆಗೆ ನೆತ್ತಿ. ಒಂದು ದೊಡ್ಡ ಉಸಿರು ತಗೊಂಡು ಮತ್ತೆ ನಂಬರ್ ಕೊಡಿ. 8 ಇದ್ದದ್ದು 5 ಆಗಿದ್ರೆ ಸಾಕು. ಸೊನ್ನೆ ಆಗಬೇಕಿಲ್ಲ, ಸ್ವಲ್ಪ ಟೆನ್ಷನ್ ಇದ್ರೇನೇ ಪೆನ್ನು ಓಡೋದು.

ಇದು ನಿಜಕ್ಕೂ ಕೆಲಸ ಮಾಡುತ್ತಾ? ದೇಹದಲ್ಲಿ ಶಕ್ತಿ ಹರಿಯುವ ನಾಡಿಗಳಿವೆ, ತಟ್ಟಿದ್ರೆ ಅಡೆತಡೆ ಹೋಗುತ್ತೆ ಅಂತ ಇಎಫ್‌ಟಿಯವರು ಹೇಳ್ತಾರೆ. ಅದಕ್ಕೆ ವೈಜ್ಞಾನಿಕ ಆಧಾರ ಇಲ್ಲ. 2012ರಲ್ಲಿ 83 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಟ್ಯಾಪಿಂಗ್ ಮಾಡಿದವರಿಗೆ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಸುಮಾರು 24 ಪರ್ಸೆಂಟ್ ಇಳಿದಿತ್ತು. ಆದ್ರೆ ಅದನ್ನು ಮುನ್ನಡೆಸಿದ ಡಾಸನ್ ಚರ್ಚ್ ಇಎಫ್‌ಟಿ ತರಬೇತಿ ಕೊಡುವವರೇ. ನಾವು ಆಡಿಟ್ ಓದಿದವರು, ಲೆಕ್ಕ ಬರೆದವನೇ ಲೆಕ್ಕ ತಪಾಸಣೆ ಮಾಡಿದ್ರೆ ಸ್ವಲ್ಪ ಹುಬ್ಬು ಏರಿಸ್ತೀವಿ. ನನಗೆ ಹೆಚ್ಚು ಒಪ್ಪಿಗೆಯಾದದ್ದು 2003ರ ಒಂದು ಪ್ರಯೋಗ. ವೇಟ್ ಮತ್ತು ಹೋಲ್ಡರ್ ಅನ್ನೋ ಸಂಶೋಧಕರು ಕೆಲವು ವಿದ್ಯಾರ್ಥಿಗಳಿಗೆ ಸರಿಯಾದ ಜಾಗದಲ್ಲಿ, ಕೆಲವರಿಗೆ ಬೇರೆಲ್ಲೋ, ಇನ್ನು ಕೆಲವರಿಗೆ ಒಂದು ಗೊಂಬೆಯ ಮೇಲೆ ತಟ್ಟೋಕೆ ಹೇಳಿದ್ರು. ಮೂರೂ ಗುಂಪಿನಲ್ಲಿ ಭಯ ಕಡಿಮೆ ಆಯ್ತು. ಗೊಂಬೆಗೆ ತಟ್ಟಿದವರಿಗೂ!

ಅಂದ್ರೆ ಗುಟ್ಟು ಜಾಗದಲ್ಲಿಲ್ಲ. ಭಯವನ್ನು ಹೆಸರಿಟ್ಟು ಹೇಳ್ತೀರಿ, ಕೈಗೊಂದು ಕೆಲಸ ಸಿಗುತ್ತೆ, ಉಸಿರು ನಿಧಾನವಾಗುತ್ತೆ, ಆ ಐದು ನಿಮಿಷ ಗೇಟಿನ ಹತ್ತಿರದ ಪ್ರಶ್ನೋತ್ತರದಿಂದ ದೂರ ಇರ್ತೀರಿ. ಹಾಗಾಗಿ ಜಾಗ ಮರೆತುಹೋದ್ರೆ ಗಾಬರಿ ಬೇಡ. ದುಡ್ಡು ಕೊಟ್ಟು ಕೋರ್ಸ್ ಸೇರೋದಂತೂ ಬೇಡವೇ ಬೇಡ. ಆದ್ರೆ ಪರೀಕ್ಷೆ ದಿನವೇ ಮೊದಲ ಸಲ ಮಾಡ್ಬೇಡಿ. ನಾನು ಪ್ರತಿ ಮಾಕ್ ಟೆಸ್ಟ್‌ಗೆ ಮುಂಚೆ ಮಾಡಿ ಮಾಡಿ ರೂಢಿ ಮಾಡ್ಕೊಂಡಿದ್ದೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ ಇದೆಲ್ಲ ಸಾಲಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಸಲ ಆಡಿಟ್ ಪೇಪರ್ ದಿನ ಗೇಟಿನ ಹತ್ತಿರ ಹೋಗಲೇ ಇಲ್ಲ. ದೂರದಲ್ಲಿ ಒಂದು ಮರದ ಕೆಳಗೆ ಕೂತು ತಟ್ಟಿಕೊಂಡೆ. ಹಾಲ್ ಒಳಗೆ ಮುಖ ತಟ್ಟಿಕೊಳ್ಳೋಕೆ ನಾಚಿಕೆ, ಅದಕ್ಕೆ ಡೆಸ್ಕ್ ಕೆಳಗೆ ಅಂಗೈ ಅಂಚು ಮಾತ್ರ. ಮೇಲ್ವಿಚಾರಕರು ಬಂದು, ‘ಯಾಕಮ್ಮಾ, ಕೈ ನೋವಾ?’ ಅಂದ್ರು. ‘ಇಲ್ಲ ಸರ್, ಭಯ’ ಅಂದೆ. ನಕ್ಕು ಮುಂದೆ ಹೋದ್ರು. ಆ ಸಲ 52 ಬಂತು. ಅದರಲ್ಲಿ ಟ್ಯಾಪಿಂಗ್ ಪಾಲೆಷ್ಟು, ಆರು ಮಾಕ್ ಟೆಸ್ಟ್ ಬರೆದದ್ದರ ಪಾಲೆಷ್ಟು, ನಾನು ಬಿಡಿಸಿ ಹೇಳಲಾರೆ. ಪ್ರಶ್ನೆಪತ್ರಿಕೆಯ ಮೊದಲ ಪುಟವನ್ನು ಮಾತ್ರ ಒಂದೇ ಸಲಕ್ಕೆ ಓದಿದ್ದೆ.