ಸಬ್ಸಿಡಿ ಎಷ್ಟು ಎಂದು ಕೇಳುವ ಮೊದಲು



ಸ್ವಸಹಾಯ ಸಂಘಗಳ ಸಭೆಯಲ್ಲಿ ಸ್ವ-ಉದ್ಯೋಗದ ಮಾತು ಬಂದರೆ ಸಾಕು, ನಮ್ಮನ್ನು ಮೊದಲು ಕೇಳುವ ಪ್ರಶ್ನೆ ಒಂದೇ: "ಸಿಸ್ಟರ್, ಸಬ್ಸಿಡಿ ಎಷ್ಟು ಸಿಗ್ತದೆ?" ಅದು ನಮ್ಮ ಕೈಗೆ ಬರುವ ಹಣ ಅಂತಲೇ ಹೆಚ್ಚಿನವರ ಎಣಿಕೆ. ಈ ಎಣಿಕೆಯಿಂದಲೇ ಸಾಲದಲ್ಲಿ ಸಿಕ್ಕಿಬಿದ್ದವರನ್ನು ನಾವು ಕಂಡಿದ್ದೇವೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಕೇಂದ್ರ ಸರಕಾರ 2008ರಲ್ಲಿ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವನ್ನು ಆರಂಭಿಸಿತು. ಹಳ್ಳಿಯಲ್ಲಿ ಹೊಸದಾಗಿ ಉದ್ಯೋಗ ಶುರುಮಾಡುವ ಮಹಿಳೆಗೆ ಯೋಜನಾ ವೆಚ್ಚದ ಶೇಕಡಾ 35ರಷ್ಟು ಸಹಾಯಧನ ಎಂಬುದು ಅದರ ನಿಯಮ. ಹಪ್ಪಳದ ಘಟಕಕ್ಕೆ 4 ಲಕ್ಷ ರೂಪಾಯಿ ಬೇಕು ಅಂತಿಟ್ಟುಕೊಳ್ಳಿ. ನಮ್ಮ ಕೈಯಿಂದ ಶೇಕಡಾ 5, ಅಂದರೆ 20,000. ಉಳಿದ 3,80,000 ಬ್ಯಾಂಕಿನದು. ಸಹಾಯಧನ 1,40,000 ಬರುವುದೇನೋ ನಿಜ, ಆದರೆ ಬರುವುದು ಬ್ಯಾಂಕಿಗೆ. ಮೂರು ವರ್ಷ ಅಲ್ಲೇ ಠೇವಣಿಯಾಗಿ ಕೂತಿರುತ್ತದೆ. ಆ ಠೇವಣಿಗೆ ಬಡ್ಡಿ ಇಲ್ಲ, ಸಾಲದಲ್ಲಿ ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವುದೂ ಇಲ್ಲ. ಘಟಕ ನಡೆಯುತ್ತಾ ಇದೆ ಎಂದು ಬಂದು ನೋಡಿದ ಮೇಲೆಯೇ ಅದನ್ನು ಸಾಲಕ್ಕೆ ಜಮೆ ಮಾಡುತ್ತಾರೆ. ಹಾಗಾಗಿ ಮೊದಲ ಮೂರು ವರ್ಷ ಉದ್ಯೋಗವನ್ನು ನಡೆಸಬೇಕಾದದ್ದು ಸಬ್ಸಿಡಿಯಲ್ಲ, ನಮ್ಮ ವ್ಯಾಪಾರ.

ನಮಗೆ ತಿಳಿದ ಒಬ್ಬ ಸಹೋದರಿ ಮಧ್ಯವರ್ತಿಯ ಮಾತು ನಂಬಿ ಅರ್ಜಿ ಹಾಕಿಸಿದಳು. ಅರ್ಜಿಗೆ ಶುಲ್ಕವೇ ಇಲ್ಲ, ಆದರೂ ಆತ ಹಣ ಪಡೆದ. ಯಂತ್ರವನ್ನೂ ಅವನೇ ತೋರಿಸಿದ. ಜೂನ್ ಬಂತು. ಯಂತ್ರ ಹಪ್ಪಳ ಒತ್ತಿತು, ಆದರೆ ಒಣಗಿಸಲು ಬಿಸಿಲೆಲ್ಲಿ? ಮಳೆ ನಿಲ್ಲಲಿಲ್ಲ, ಬ್ಯಾಂಕಿನ ಕಂತೂ ನಿಲ್ಲಲಿಲ್ಲ. ಕೊನೆಗೆ ಕಿವಿಯ ಓಲೆ ಅಡವಿಟ್ಟು ಕಂತು ಕಟ್ಟಿದಳು.

ಅವಳಿಗೆ ಬೇಕಾಗಿದ್ದದ್ದು ಒತ್ತುವ ಯಂತ್ರಕ್ಕಿಂತ ಒಣಗಿಸುವ ಯಂತ್ರ, ಅಂದರೆ ಡ್ರೈಯರ್. ಕರಾವಳಿ, ಮಲೆನಾಡಿನಲ್ಲಿ ಹಲಸು ಕೈಗೆ ಬರುವ ಹೊತ್ತಿಗೇ ಮಳೆ ಬೆನ್ನಿಗೆ ಬಂದಿರುತ್ತದೆ, ನಿಮಗೇ ಗೊತ್ತಲ್ಲ. ಆದರೆ ಡ್ರೈಯರನ್ನು ಒಬ್ಬಳೇ ಕೊಂಡರೆ ವಾರದಲ್ಲಿ ಎರಡು ದಿನ ಓಡೀತು, ಉಳಿದ ದಿನ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತೀತು. ಹತ್ತು ಮನೆಯವರು ಸೇರಿ ಬಳಸಿದರೆ ಮಾತ್ರ ಅದರ ವೆಚ್ಚ ಹುಟ್ಟುತ್ತದೆ.

ಇಂಥದ್ದಕ್ಕೂ ಸರಕಾರದಲ್ಲಿ ದಾರಿ ಮಾಡಿದ್ದುಂಟು. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಯೋಜನೆ, ಅಂದರೆ ಪಿ.ಎಂ.ಎಫ್.ಎಂ.ಇ., ಒಬ್ಬೊಬ್ಬರ ಘಟಕಕ್ಕೆ ಮಾತ್ರವಲ್ಲದೆ ಸಂಘಗಳು ಸೇರಿ ಕಟ್ಟುವ ಸಾಮಾನ್ಯ ಸೌಲಭ್ಯಕ್ಕೂ ಶೇಕಡಾ 35ರಷ್ಟು ನೆರವು ಇಟ್ಟಿತು. ಆಹಾರ ತಯಾರಿಸುವ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನವನ್ನೂ ಸೇರಿಸಿತು. (ಅದು ದಾನವಲ್ಲ, ಸಂಘಕ್ಕೆ ಹಿಂದಿರುಗಿಸಬೇಕಾದ ಸಾಲ.) ನಮ್ಮ ಅನುಭವದಲ್ಲಿ ಹೆಚ್ಚಿನವರು ಒಬ್ಬೊಬ್ಬರ ಸಾಲವನ್ನೇ ಕೇಳಿದರು, ಸಾಮಾನ್ಯ ಸೌಲಭ್ಯದ ಬಗ್ಗೆ ಬಾಯಿಬಿಟ್ಟವರು ಕಡಿಮೆ. ಜಾಗ ಯಾರದು, ಕರೆಂಟು ಬಿಲ್ಲು ಯಾರು ಕಟ್ಟಬೇಕು ಎಂಬ ಜಗಳದ ಭಯ. ಭಯ ಸುಳ್ಳಲ್ಲ, ಆದರೆ ಉಳಿತಾಯದ ಲೆಕ್ಕವನ್ನು ಇಷ್ಟು ವರ್ಷ ಇಟ್ಟವರಿಗೆ ಡ್ರೈಯರಿನ ಲೆಕ್ಕ ಇಡಲು ಬಾರದೇ?

ತರಬೇತಿಯೂ ಹಾಗೆಯೇ, ಕೇಳಿದರೆ ಉಂಟು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತಾ ಬಂದಿದ್ದಾರೆ. ಆ ಮಾದರಿ ನೋಡಿಯೇ ದೇಶದ ಬೇರೆ ಬೇರೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ಇಂಥ ಸಂಸ್ಥೆಗಳನ್ನು ತೆರೆದವು. ಹಪ್ಪಳ ಯಾಕೆ ಬೂಸ್ಟು ಹಿಡಿಯುತ್ತದೆ, ಪ್ಯಾಕೆಟ್ ಹೇಗಿರಬೇಕು ಎಂಬುದಕ್ಕೆ ಮೈಸೂರಿನ ಸಿ.ಎಫ್.ಟಿ.ಆರ್.ಐ. ಇದೆ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಇದೆ. ಉದ್ಯಮ್ ನೋಂದಣಿಗೆ ಒಂದು ಪೈಸೆ ಕೊಡಬೇಕಾಗಿಲ್ಲ.

ಯೋಜನೆಗಳ ಅವಧಿ, ನಿಯಮ ಆಗಾಗ ಬದಲಾಗುತ್ತವೆ. ಯಾವುದಕ್ಕೆ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೇ ಕೇಳಬೇಕು. ಒಬ್ಬೊಬ್ಬರೇ ಹೋಗಬೇಡಿ, ನಾವೂ ಜೊತೆಗೆ ಬರುತ್ತೇವೆ. ಅದಕ್ಕೂ ಮೊದಲು ಮುಂದಿನ ಸಭೆಗೆ ಒಂದು ಚೀಟಿ ಬರೆದು ತನ್ನಿ: ಕಳೆದ ಮಳೆಗಾಲದಲ್ಲಿ ಎಷ್ಟು ಹಪ್ಪಳ ಮಾಡಿದಿರಿ, ಎಷ್ಟು ಮಾರಿದಿರಿ, ಎಷ್ಟು ಬೂಸ್ಟು ಹಿಡಿದು ಎಸೆದಿರಿ.