ಅಣ್ಣನ ಕುಂಚ, ತಮ್ಮನ ದಿನಚರಿ

ಕಮಲದ ಮೇಲೆ ನಿಂತ ಲಕ್ಷ್ಮಿ, ಬಂಡೆಯ ಮೇಲೆ ಕುಳಿತು ವೀಣೆ ನುಡಿಸುವ ಸರಸ್ವತಿ. ಈ ಎರಡು ಚಿತ್ರಗಳನ್ನು ನೋಡದ ಕನ್ನಡದ ಮನೆ ಇರಲಾರದು. ದೇವರ ಮನೆಯಲ್ಲಿ ಕಟ್ಟು ಹಾಕಿಸಿದ ಗಾಜಿನ ಹಿಂದೆ, ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿ, ಮದುವೆ ಕರೆಯೋಲೆಯ ಮೂಲೆಯಲ್ಲಿ ಅವು ಇದ್ದೇ ಇರುತ್ತವೆ. ಬರೆದವರು ಯಾರೆಂದು ಕೇಳಿದರೆ ಶಾಲೆಯ ಮಕ್ಕಳೂ ರವಿವರ್ಮನೆಂದು ಹೇಳಿಯಾರು. ಆದರೆ ಒಬ್ಬ ಮನುಷ್ಯನಿಗೆ ಇಷ್ಟೆಲ್ಲ ಬರೆಯಲು ಹೊತ್ತಾದರೂ ಎಲ್ಲಿಂದ ಬಂತು? ಹೆಂಡತಿ, ಐವರು ಮಕ್ಕಳು, ಊರೂರಿನ ಅರಮನೆಗಳ ಆರ್ಡರು, ಮುಂಬಯಿಯಲ್ಲೊಂದು ಮುದ್ರಣಾಲಯ, ಸಾಲ, ಸಕ್ಕರೆ ಕಾಯಿಲೆ. ಇವುಗಳ ನಡುವೆ ಕುಂಚ ಹಿಡಿದವರು ರಾಜಾ ರವಿವರ್ಮ. ಈ ಸಂಸಾರ ತೂಗಿದ್ದು ಹೇಗೆಂಬುದು ಚಿತ್ರಗಳಷ್ಟೇ ಸ್ವಾರಸ್ಯದ ಕಥೆ.

ರವಿವರ್ಮರು ಹುಟ್ಟಿದ್ದು 1848ರ ಏಪ್ರಿಲ್ 29ರಂದು, ತಿರುವಾಂಕೂರಿನ ಕಿಳಿಮಾನೂರಿನಲ್ಲಿ. ರಾಜಮನೆತನದೊಂದಿಗೆ ನೆಂಟಸ್ತನವಿದ್ದ ಕುಟುಂಬ. ಹುಡುಗ ಗೋಡೆಯ ಮೇಲೆ ಗೀಚಿದ್ದನ್ನು ಕಂಡ ಸೋದರಮಾವ, ತಾವೂ ಚಿತ್ರಕಾರರೇ ಆಗಿದ್ದರಿಂದ, ಬೈಯುವ ಬದಲು ಕಲಿಸಿದರು. 14ನೆಯ ವಯಸ್ಸಿನಲ್ಲಿ ತಿರುವನಂತಪುರದ ಅರಮನೆಗೆ ಕರೆದೊಯ್ದರು. ಅಲ್ಲಿ ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯ ಸಿಕ್ಕಿತು. ಸಿಗದೇ ಹೋದದ್ದು ಎಣ್ಣೆ ಬಣ್ಣದ ವಿದ್ಯೆ. ಬಲ್ಲವರು ಹೇಳಿಕೊಡಲು ಒಪ್ಪಲಿಲ್ಲ. 1868ರಲ್ಲಿ ಅರಮನೆಗೆ ಬಂದ ಥಿಯೋಡೋರ್ ಜೆನ್ಸನ್ ಎಂಬ ಯೂರೋಪಿನ ಚಿತ್ರಕಾರ ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಲು ಅಪ್ಪಣೆ ದೊರೆಯಿತು, ಅಷ್ಟೆ. ನೋಡಿದ್ದನ್ನು ಮನೆಗೆ ಬಂದು ತಾವೇ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತರು.

ಚಿತ್ರ ಬರೆಯುವುದು ಬೇರೆ, ಚಿತ್ರ ಬರೆದು ಹಣ ತೆಗೆದುಕೊಳ್ಳುವುದು ಬೇರೆ. ದೊಡ್ಡ ಮನೆತನದವರಿಗೆ ಎರಡನೆಯದು ತಕ್ಕುದಲ್ಲ ಎಂಬ ಕಾಲ ಅದು. ಈ ಗಡಿ ದಾಟುವ ಮೊದಲು ರವಿವರ್ಮರು ಬಂದದ್ದು ನಮ್ಮ ಕೊಲ್ಲೂರಿಗೆ. 1870ರಲ್ಲಿ ಮೂಕಾಂಬಿಕೆಯ ಸನ್ನಿಧಿಯಲ್ಲಿ 41 ದಿನ ವ್ರತ ಹಿಡಿದರು. ಹಿಂದಿರುಗುವಾಗ ಕಲ್ಲಿಕೋಟೆಯಲ್ಲಿ ಸಬ್ ಜಡ್ಜ್ ಆಗಿದ್ದ ಕಿಳಕ್ಕೇ ಪಾಲಾಟ್ ಕೃಷ್ಣ ಮೆನನ್ನರ ಕುಟುಂಬದ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಸಂಬಳ ಪಡೆದು ಮಾಡಿದ ಮೊದಲ ಚಿತ್ರ ಅದೇ. ಮೂರು ವರ್ಷಗಳಲ್ಲಿ ಮದರಾಸಿನ ಪ್ರದರ್ಶನದಲ್ಲಿ ಚಿನ್ನದ ಪದಕ, ವಿಯೆನ್ನಾದಲ್ಲಿ ಬಹುಮಾನ. ಅಲ್ಲಿಂದ ಮುಂದೆ ಆರ್ಡರುಗಳಿಗೆ ಬರವಿರಲಿಲ್ಲ. ಕಿಳಿಮಾನೂರಿನಂಥ ಹಳ್ಳಿಗೆ ಅಂಚೆ ಕಚೇರಿ ಬಂದದ್ದೇ ಇವರ ಹೆಸರಿಗೆ ಬರುತ್ತಿದ್ದ ಕಾಗದಗಳ ರಾಶಿಯಿಂದ ಎಂದು ಆ ಕಡೆಯವರು ಇಂದಿಗೂ ಹೇಳುತ್ತಾರೆ.

ಎಣ್ಣೆ ಒಣಗುವ ತನಕ

ಆರ್ಡರು ಹಿಡಿದ ಚಿತ್ರಕಾರನಿಗೆ ಇಬ್ಬರು ಯಜಮಾನರು. ಒಬ್ಬ, ಹಣ ಕೊಡುವವನು. ಇನ್ನೊಬ್ಬ, ಅಗಸೆ ಎಣ್ಣೆ. ಮೊದಲನೆಯವನ ಕೈಕಾಲು ಹಿಡಿದು ವಾಯಿದೆ ಮುಂದೂಡಬಹುದು. ಎರಡನೆಯದರ ಹತ್ತಿರ ಯಾವ ಮಾತೂ ನಡೆಯದು.

ನೀರಿನ ಬಣ್ಣ ಒಣಗುವುದೆಂದರೆ ನೀರು ಆವಿಯಾಗಿ ಹೋಗುವುದು. ಕಾಲು ಗಂಟೆಯ ಕೆಲಸ. ಎಣ್ಣೆ ಬಣ್ಣದಲ್ಲಿ ಆವಿಯಾಗುವಂಥದು ಹೆಚ್ಚೇನೂ ಇಲ್ಲ. ಅಲ್ಲಿ ನಡೆಯುವುದು ಉತ್ಕರ್ಷಣ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಕರಿದ ತಿಂಡಿ ಕಮಟು ವಾಸನೆ ಬರುವುದಕ್ಕೆ ಕಾರಣವಾಗಿ ಓದುತ್ತೇವಲ್ಲ, ಅದೇ ಕ್ರಿಯೆಯ ಅಣ್ಣತಮ್ಮ ಇದು. ಅಗಸೆ ಎಣ್ಣೆಯ ಅಪರ್ಯಾಪ್ತ ಕೊಬ್ಬಿನ ಆಮ್ಲಗಳು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಪೊರೆಯಾಗುತ್ತವೆ. ಒಣಗುತ್ತ ಒಣಗುತ್ತ ಬಣ್ಣದ ತೂಕ ಮೊದಮೊದಲು ಏರುತ್ತದೆ ಎಂದರೆ ಅನೇಕರು ನಂಬಲಾರರು! ತೆಳು ಪದರ ಕೈಗೆ ಅಂಟದಂತಾಗಲು ಕೆಲವು ದಿನ, ದಪ್ಪ ಪದರಕ್ಕೆ ವಾರಗಳು, ಮೆರುಗೆಣ್ಣೆ ಬಳಿಯುವಷ್ಟು ಒಳಗೂ ಒಣಗಲು ತಿಂಗಳುಗಳೇ ಬೇಕು. ಸೀಸದ ಬಿಳಿ ಬಣ್ಣ ಬೇಗ ಒಣಗಿಸುತ್ತದೆ, ಕಾಡಿಗೆ ಕಪ್ಪು ತಡ ಮಾಡುತ್ತದೆ. ಮಲೆಯಾಳದ ಮಳೆಗಾಲದ ತೇವದಲ್ಲಿ ಇನ್ನೂ ತಡ. ಅವಸರಪಟ್ಟು ಹಸಿಯ ಮೇಲೆ ಬೇಗ ಒಣಗುವ ಬಣ್ಣ ಬಳಿದರೆ ಮೇಲಿನದು ಬಿಗಿದು, ಕೆಳಗಿನದು ಜರುಗಿ, ಚಿತ್ರ ಬಿರುಕು ಬಿಡುತ್ತದೆ.

ಆದ್ದರಿಂದ ಒಂದೇ ಚಿತ್ರ ಹಿಡಿದು ಮುಗಿಸಿ ಇನ್ನೊಂದಕ್ಕೆ ಹೋಗುತ್ತೇನೆ ಎನ್ನುವ ಚಿತ್ರಕಾರನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ನಾಲ್ಕಾರು ಕ್ಯಾನ್‌ವಾಸುಗಳನ್ನು ಒಟ್ಟಿಗೆ ನಿಲ್ಲಿಸಿಕೊಳ್ಳಬೇಕು. ದಮಯಂತಿಯ ಸೀರೆ ಒಣಗುವಷ್ಟರಲ್ಲಿ ಶಂತನುವಿನ ಕಿರೀಟ, ಅದು ಒಣಗುವಷ್ಟರಲ್ಲಿ ಯಾರೋ ದಿವಾನರ ಮೀಸೆ. ಹೊರಗಿನವರಿಗೆ ಇದು ಮೈಮೇಲೆ ಕೆಲಸ ಎಳೆದುಕೊಂಡಂತೆ ಕಾಣುತ್ತದೆ. ಕಸುಬು ನಡೆಯುವುದೇ ಹಾಗೆ.

ಬರೋಡೆಯ ಮೂರನೆಯ ಸಯಾಜಿರಾವ್ ಗಾಯಕವಾಡರು 1888ರಲ್ಲಿ ಕೊಟ್ಟ ಆರ್ಡರು ನೋಡಿ. ಹೊಸ ಲಕ್ಷ್ಮೀವಿಲಾಸ ಅರಮನೆಗೆ ರಾಮಾಯಣ, ಮಹಾಭಾರತ, ಪುರಾಣಗಳ 14 ದೊಡ್ಡ ಚಿತ್ರಗಳು. ಸಂಭಾವನೆ 50,000 ರೂಪಾಯಿ. ಆ ಕಾಲಕ್ಕೆ ಅದೊಂದು ಐಶ್ವರ್ಯ. ರವಿವರ್ಮರು ಕೂಡಲೇ ಕುಂಚ ಹಿಡಿಯಲಿಲ್ಲ. ಸೀತೆ, ದ್ರೌಪದಿ ಯಾವ ಉಡುಗೆ ಉಟ್ಟಿದ್ದರೆಂದು ತಿಳಿಯಲು ತಮ್ಮನ ಜೊತೆ ಉತ್ತರ ಭಾರತ ಸುತ್ತಿದರು. ಇಡೀ ದೇಶಕ್ಕೆ ಒಪ್ಪುವ ಒಂದೇ ಉಡುಗೆ ಎಲ್ಲೂ ಸಿಗಲಿಲ್ಲ. ಕಡೆಗೆ ತಾವೇ ಒಂದನ್ನು ತೀರ್ಮಾನಿಸಿದರು; ನಮ್ಮ ದೇವತೆಯರು ಇಂದಿಗೂ ಉಡುವ ಸೀರೆ ಅದೇ. ಕಿಳಿಮಾನೂರಿಗೆ ಮರಳಿ 14 ಚಿತ್ರಗಳನ್ನೂ ಮುಗಿಸಲು ಸುಮಾರು ಎರಡು ವರ್ಷ ಹಿಡಿಯಿತು. ಮುಂಬಯಿಯಲ್ಲಿ ಅವನ್ನು ಪ್ರದರ್ಶಿಸಿದಾಗ ಜನ ಮುಗಿಬಿದ್ದರು.

ತಮ್ಮನೆಂಬ ಇನ್ನೆರಡು ಕೈ

ಜೊತೆಗೆ ಹೋದ ತಮ್ಮನ ಹೆಸರು ಸಿ. ರಾಜರಾಜವರ್ಮ. ಅಣ್ಣನಿಗಿಂತ 12 ವರ್ಷ ಚಿಕ್ಕವರು, ತಾವೂ ಒಳ್ಳೆಯ ಚಿತ್ರಕಾರರು. ಬೆಟ್ಟ, ನದಿ, ಮೋಡಗಳಲ್ಲಿ ಅವರ ಕೈ ಪಳಗಿತ್ತು. ಅಣ್ಣನ ಎಷ್ಟೋ ಚಿತ್ರಗಳಲ್ಲಿ ಮುಖಗಳ ಹಿಂದೆ ಕಾಣುವ ಬಯಲು, ಕಾಡುಗಳಲ್ಲಿ ತಮ್ಮನ ಕೈ ಇದೆ. ಅದಕ್ಕಿಂತ ಹೆಚ್ಚಿನ ಕೆಲಸ ಕ್ಯಾನ್‌ವಾಸಿನ ಹೊರಗಿತ್ತು. ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವುದು, ಪ್ರಯಾಣದ ಏರ್ಪಾಡು, ಬರಬೇಕಾದ ಹಣದ ಲೆಕ್ಕ ಎಲ್ಲ ಅವರದೇ. ತಿರುವಾಂಕೂರಿಗೆ ರೈಲು ಕಾಲಿಟ್ಟದ್ದೇ 1904ರಲ್ಲಿ. ಅದಕ್ಕೆ ಮೊದಲು ಕಿಳಿಮಾನೂರಿನಿಂದ ಮುಂಬಯಿಗೆ ಹೊರಡುವುದೆಂದರೆ ರೈಲು ಸಿಗುವ ಊರಿನ ತನಕ ಗಾಡಿ, ದೋಣಿಗಳಲ್ಲಿ ಸಾಗಬೇಕಿತ್ತೆಂಬುದನ್ನು ಓದುಗರು ಗಮನಿಸಬೇಕು.

ಈ ತಮ್ಮ ಇನ್ನೊಂದು ಉಪಕಾರ ಮಾಡಿದರು. 1895ರಿಂದ 1904ರವರೆಗೆ ಇಂಗ್ಲಿಷಿನಲ್ಲಿ ದಿನಚರಿ ಬರೆದರು. ಅದು 2005ರಲ್ಲಿ ಪುಸ್ತಕವಾಗಿ ಅಚ್ಚಾಗಿದೆ. ಯಾರ ಭಾವಚಿತ್ರ ಎಷ್ಟು ಮುಂದುವರಿಯಿತು, ಯಾರು ಭೇಟಿಗೆ ಬಂದರು, ಸಂಜೆ ಯಾವ ನಾಟಕಕ್ಕೆ ಹೋದರು – ಇಂಥ ಸಣ್ಣ ಸಂಗತಿಗಳೇ ಅದರ ತುಂಬ. ಅರಮನೆಯ ಚಿತ್ರಕಾರನ ಬದುಕೆಂದರೆ ಬಹುಪಾಲು ಕಾಯುವುದು ಎಂಬುದು ಅದನ್ನು ಓದಿದರೆ ತಿಳಿಯುತ್ತದೆ. ದೊರೆಗಳಿಗೆ ಪುರುಸೊತ್ತಾದಾಗ ಇವರು ಸಿದ್ಧರಿರಬೇಕು. 1902ರಲ್ಲಿ ಸೋದರರು ಹೈದರಾಬಾದಿಗೆ ಹೋಗಿ, ಪ್ರಸಿದ್ಧ ಛಾಯಾಗ್ರಾಹಕ ರಾಜಾ ದೀನದಯಾಳರ ಆತಿಥ್ಯದಲ್ಲಿ ಇದ್ದು, ನಿಜಾಮರ ಆರ್ಡರಿಗಾಗಿ ವಾರಗಟ್ಟಲೆ ಕಾದರು. ಕಾದದ್ದಷ್ಟೇ ಬಂತು!

ಇತ್ತ ಮನೆಯ ಕಡೆ? ರವಿವರ್ಮರ ಮದುವೆ 1866ರಲ್ಲೇ ಆಗಿತ್ತು. ಹೆಂಡತಿ ಭಾಗೀರಥಿಬಾಯಿ ಮಾವೇಲಿಕ್ಕರದವರು. ಅಲ್ಲಿಯದು ಮರುಮಕ್ಕತ್ತಾಯಂ ಪದ್ಧತಿ. ನಮ್ಮ ದಕ್ಷಿಣ ಕನ್ನಡದವರಿಗೆ ಅಳಿಯಸಂತಾನವೆಂದರೆ ಥಟ್ಟನೆ ಅರ್ಥವಾದೀತು. ಮಕ್ಕಳು ತಾಯಿಯ ಮನೆಗೆ ಸೇರಿದವರು, ಅವರನ್ನು ಸಾಕಿ ಬೆಳೆಸುವ ಭಾರ ತಾಯಿಯ ತರವಾಡಿನದು. ತಂದೆ ವರ್ಷಗಟ್ಟಲೆ ಊರೂರು ತಿರುಗಿದರೂ ಮನೆ ನಡೆಯುತ್ತಿತ್ತು. ಇದನ್ನು ಅನುಕೂಲವೆನ್ನಬೇಕೋ ಬೇರೇನಾದರೂ ಎನ್ನಬೇಕೋ ಓದುಗರಿಗೇ ಬಿಟ್ಟದ್ದು. ಭಾಗೀರಥಿಬಾಯಿ 1891ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಮರುವರ್ಷಗಳಲ್ಲಿ ರವಿವರ್ಮರು ಷಿಕಾಗೋ ಪ್ರದರ್ಶನಕ್ಕೆಂದು ಬರೆದ ಹತ್ತು ಚಿತ್ರಗಳಲ್ಲೂ ಹೆಣ್ಣುಮಕ್ಕಳೇ ತುಂಬಿದ್ದಾರೆ. ಅವು 1893ರಲ್ಲಿ ಪದಕ ತಂದವು.

ಅವರ ತಂಗಿ ಮಂಗಳಾಬಾಯಿಯೂ ಚಿತ್ರ ಬರೆಯುತ್ತಿದ್ದರು. ಅಣ್ಣನ ಭಾವಚಿತ್ರವನ್ನು ಚೆನ್ನಾಗಿ ಬರೆದಿದ್ದಾರೆ. ಊರೂರು ಸುತ್ತುವ ಭಾಗ್ಯ ಆಕೆಗಿರಲಿಲ್ಲ. ಒಲೆ, ತೊಟ್ಟಿಲುಗಳ ನಡುವೆ ಆಕೆ ಕುಂಚಕ್ಕೆ ಯಾವ ಹೊತ್ತು ಹೊಂದಿಸಿಕೊಂಡರೆಂದು ಯಾರೂ ದಿನಚರಿ ಬರೆದಿಡಲಿಲ್ಲ.

ಅಚ್ಚಿನ ಮನೆಯ ಸಾಲ

ಒಬ್ಬ ಕಲಾವಿದನ ಎರಡು ಕೈ ಎಷ್ಟು ಜನರ ಆಸೆ ಪೂರೈಸೀತು? ತಿರುವಾಂಕೂರು, ಬರೋಡೆಗಳ ದಿವಾನರಾಗಿದ್ದ ಟಿ. ಮಾಧವರಾಯರು ಇದೇ ಮಾತೆತ್ತಿ, ಆಯ್ದ ಕೆಲವು ಚಿತ್ರಗಳನ್ನು ಯೂರೋಪಿಗೆ ಕಳಿಸಿ ಬಣ್ಣದಲ್ಲಿ ಅಚ್ಚು ಹಾಕಿಸಿರೆಂದು ರವಿವರ್ಮರಿಗೆ ಕಾಗದ ಬರೆದಿದ್ದರು. ರವಿವರ್ಮರು ಒಂದು ಹೆಜ್ಜೆ ಮುಂದೆ ಹೋಗಿ 1894ರಲ್ಲಿ ಮುಂಬಯಿಯಲ್ಲಿ ತಮ್ಮದೇ ಮುದ್ರಣಾಲಯ ತೆರೆದರು. ಅದು ಕಲ್ಲಚ್ಚು. ಒಂದೊಂದು ಬಣ್ಣಕ್ಕೆ ಒಂದೊಂದು ಸುಣ್ಣಕಲ್ಲಿನ ಹಾಸು. ಒಂದು ಚಿತ್ರ ಹತ್ತಾರು ಕಲ್ಲುಗಳ ಕೆಳಗೆ ಹಾದು ಬರಬೇಕು, ಕೂದಲೆಳೆಯಷ್ಟು ಜಾರಿದರೂ ಲಕ್ಷ್ಮಿಯ ತುಟಿಯ ಕೆಂಪು ಕೆನ್ನೆಗೆ ಬಂದುಬಿಡುತ್ತದೆ. ಜರ್ಮನಿಯಿಂದ ಯಂತ್ರಗಳೂ ಕೆಲಸಗಾರರೂ ಬಂದರು. ಅಲ್ಲಿಂದ ಹೊರಬಂದ ಮೊದಲ ಚಿತ್ರ ಶಕುಂತಲೆಯ ಜನನ.

ಬಡವರ ಗುಡಿಸಿಲಿಗೂ ದೇವರ ಪಟ ಬಂತು, ನಿಜ. ಚಿತ್ರಕಾರನಿಗೆ ಬಂದದ್ದು ಚಿಂತೆ. 1896ರಲ್ಲಿ ಮುಂಬಯಿಗೆ ಪ್ಲೇಗು ಅಮರಿತು, ಜನ ಊರು ಬಿಟ್ಟರು. ಮುದ್ರಣಾಲಯವನ್ನು ಲೋಣಾವಳದ ಕಡೆಗೆ ಸಾಗಿಸಬೇಕಾಯಿತು. ಸಾಲ ಬೆಳೆಯಿತು. ತೀರಿಸಲು ಮತ್ತೆ ಭಾವಚಿತ್ರಗಳ ಆರ್ಡರು ಹಿಡಿಯಬೇಕು, ಅದಕ್ಕಾಗಿ ಮತ್ತೆ ಊರೂರು ಅಲೆಯಬೇಕು. ಹೊತ್ತು ಉಳಿಸಲೆಂದು ತೆರೆದ ಯಂತ್ರವೇ ಹೊತ್ತು ತಿನ್ನತೊಡಗಿತ್ತು. 1901ರಲ್ಲಿ ಅದನ್ನು ಫ್ರಿಟ್ಸ್ ಷ್ಲೈಷರ್ ಎಂಬ ಜರ್ಮನ್ ತಂತ್ರಜ್ಞನಿಗೆ ಮಾರಿದರು. ರವಿವರ್ಮ ಕಲಾವಿದರಾಗಿ ಗೆದ್ದು ವ್ಯಾಪಾರಿಯಾಗಿ ಸೋತರೆಂದು ಬರೆಯುವುದು ರೂಢಿ. ಪ್ಲೇಗನ್ನು ಯಾವ ವ್ಯಾಪಾರಿ ಗೆಲ್ಲುತ್ತಿದ್ದನೋ ಅಂಥವರು ಹೇಳುವುದಿಲ್ಲ.

ಮೈಸೂರಿನ ಒಂಬತ್ತು ಚಿತ್ರಗಳು

ಮೈಸೂರು ರವಿವರ್ಮರಿಗೆ ಹೊಸದಲ್ಲ. 1885ರಲ್ಲೇ ಚಾಮರಾಜೇಂದ್ರ ಒಡೆಯರ ಕರೆಯ ಮೇರೆಗೆ ಬಂದು ರಾಜಪರಿವಾರದ ಭಾವಚಿತ್ರ ಬರೆದಿದ್ದರು. ಇಪ್ಪತ್ತು ವರ್ಷ ಕಳೆದ ಮೇಲೆ ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಪುರಾಣದ ಒಂಬತ್ತು ಚಿತ್ರಗಳಿಗೆ ಆರ್ಡರು ಕೊಟ್ಟರು. ಬರೋಡೆಯ ನಂತರ ಅಷ್ಟು ದೊಡ್ಡ ಕೆಲಸ ಅದೇ. ರವಿವರ್ಮರಿಗೆ 56 ದಾಟಿತ್ತು, ಸಕ್ಕರೆ ಕಾಯಿಲೆ ಬಲಿತಿತ್ತು. ಇನ್ಸುಲಿನ್ ಚುಚ್ಚುಮದ್ದು ಮೊದಲ ರೋಗಿಗೆ ಸಿಕ್ಕಿದ್ದೇ 1922ರಲ್ಲಿ. ಅದಕ್ಕೆ ಮೊದಲು ಈ ಕಾಯಿಲೆಗೆ ವೈದ್ಯರ ಬಳಿ ಇದ್ದ ದಾರಿ ಪಥ್ಯವೊಂದೇ.

ಆ ಹೊತ್ತಿನಲ್ಲೇ ತಮ್ಮ ಹಾಸಿಗೆ ಹಿಡಿದರು. 1905ರ ಜನವರಿಯಲ್ಲಿ, 44ನೆಯ ವಯಸ್ಸಿನಲ್ಲಿ, ರಾಜರಾಜವರ್ಮ ತೀರಿಕೊಂಡರು. ಕಾಗದ ಬರೆಯುವ ಕೈ, ಲೆಕ್ಕ ಇಡುವ ಕೈ, ಹಿನ್ನೆಲೆಯ ಮೋಡ ಬರೆಯುವ ಕೈ ಒಟ್ಟಿಗೇ ಹೋದವು. ದಿನಚರಿ ಹಿಂದಿನ ವರ್ಷಕ್ಕೇ ನಿಂತಿದೆ. ಆದ್ದರಿಂದ ಅಣ್ಣ ಆ ದಿನಗಳನ್ನು ಹೇಗೆ ಕಳೆದರೆಂದು ತಿಳಿಯಲು ಚಿತ್ರಗಳನ್ನೇ ನೋಡಬೇಕು.

ಆರ್ಡರನ್ನು ಅವರು ಹಿಂತಿರುಗಿಸಲಿಲ್ಲ. ಒಂಬತ್ತು ಚಿತ್ರಗಳನ್ನೂ ಬರೆದುಕೊಟ್ಟರು. ಮೈಸೂರಿಗೆ ಹೋದವರು ಜಗನ್ಮೋಹನ ಅರಮನೆಯ ಕಲಾಶಾಲೆಯಲ್ಲಿ ರವಿವರ್ಮರ ಮೂಲ ಚಿತ್ರಗಳನ್ನು ಕಾಣಬಹುದು. ಕ್ಯಾಲೆಂಡರಿನಲ್ಲಿ ಮಾತ್ರ ಅವರನ್ನು ಬಲ್ಲವರಿಗೆ ಅಲ್ಲಿ ರೇಷ್ಮೆಯ ಮಿನುಗೂ ಚರ್ಮದ ಬಿಸುಪೂ ಬೇರೆಯೇ ಆಗಿ ತೋರುತ್ತವೆ. ಮುಖಗಳನ್ನು ನೋಡಿ ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಹಿಂದಿನ ಆಕಾಶ, ಮರಗಳ ಕಡೆಗೂ ಕಣ್ಣು ಹಾಯಿಸುವುದು ಒಳ್ಳೆಯದು.

1906ರ ಅಕ್ಟೋಬರ್ 2ರಂದು ರವಿವರ್ಮ ನಿಧನರಾದರು. ಮಕ್ಕಳಲ್ಲಿ ರಾಮವರ್ಮ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಚಿತ್ರಕಾರರಾದರು. ಹಿರಿಯ ಮಗ 1912ರಲ್ಲಿ ಮನೆ ಬಿಟ್ಟು ಹೋದವರು ಮರಳಲಿಲ್ಲ. ರವಿವರ್ಮರು ಕೊನೆಗೆ ಕೈಗೆತ್ತಿಕೊಂಡಿದ್ದ ಚಿತ್ರ ಒಬ್ಬ ಪಾರ್ಸಿ ಮಹಿಳೆಯದು ಎನ್ನಲಾಗಿದೆ. ಅವರ 175ನೆಯ ಜಯಂತಿಯ ಸಂದರ್ಭದಲ್ಲಿ, 2023ರಲ್ಲಿ, ಅದು ಜನರ ಕಣ್ಣಿಗೆ ಬಿತ್ತು. ಚಿತ್ರ ಅಪೂರ್ಣವಾಗಿಯೇ ಉಳಿದಿದೆ.